ಮಜಟ್ಲಾನ್

ಮಜಟ್ಲಾನ್ ಮೆಕ್ಸಿಕೊ ದೇಶದ ಪಶ್ಚಿಮ ಕರಾವಳಿಯಲ್ಲಿರುವ ಬಂದರು ನಗರ. ಸಿನಾಲೋವಾ ರಾಜ್ಯದ ದಕ್ಷಿಣ ಭಾಗದಲ್ಲಿ, ಶಾಂತಸಾಗರದ (ಪೆಸಿಫಿಕ್ ಮಹಾಸಾಗರ) ದಡದ ಮೇಲೆ ನೆಲೆಸಿರುವ ಈ ನಗರವು ತನ್ನ ಉದ್ದನೆಯ ಮರಳ ತೀರಕ್ಕೂ ಸೀಗಡಿ ಹಿಡಿಯುವ ದೋಣಿಗಳ ದೊಡ್ಡ ಪಡೆಗೂ ಹೆಸರಾಗಿದೆ. 2020ರ ಜನಗಣತಿಯ ಪ್ರಕಾರ ನಗರ ಮತ್ತು ಅದರ ಆಡಳಿತಕ್ಕೆ ಸೇರಿದ ಹಳ್ಳಿಗಳ ಒಟ್ಟು ಜನಸಂಖ್ಯೆ 5,01,441. ರಾಜ್ಯದ ರಾಜಧಾನಿಯಾದ ಕುಲಿಯಾಕಾನ್ ನಗರವನ್ನು ಬಿಟ್ಟರೆ ಸಿನಾಲೋವಾದಲ್ಲಿ ಇದೇ ದೊಡ್ಡ ನಗರ.

ಮೆಕ್ಸಿಕೊದ ಕಡಲತೀರದ ವಿಹಾರಧಾಮಗಳೆಂದರೆ ಹೊರದೇಶದವರಿಗೆ ಸಾಮಾನ್ಯವಾಗಿ ನೆನಪಾಗುವುದು ಕಾನ್ಕುನ್. ಅದು 1970ರ ದಶಕದಲ್ಲಿ ಸರ್ಕಾರವೇ ನಕ್ಷೆ ಹಾಕಿ, ಹೆಚ್ಚುಕಡಿಮೆ ಬರಿದಾಗಿದ್ದ ಮರಳದಿಬ್ಬದ ಮೇಲೆ ಕಟ್ಟಿಸಿದ ಪ್ರವಾಸಿ ನಗರ. ಮಜಟ್ಲಾನ್ ಹಾಗಲ್ಲ. ಇಲ್ಲಿ ಬಂದರು ಮೊದಲು ಹುಟ್ಟಿತು, ಪ್ರವಾಸಿಗರು ಬಹಳ ಕಾಲದ ಅನಂತರ ಬಂದರು. ಹೋಟೆಲುಗಳ ಸಾಲು ಮುಗಿದ ಕಡೆ ಮೀನುಗಾರರ ನಾಡದೋಣಿಗಳು ಕಾಣುತ್ತವೆ. ಹಳೆಯ ನಾಟಕಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಹಡಗುಕಟ್ಟೆಯಿದೆ. ದುಡಿಯುವ ಊರೂ ವಿರಮಿಸುವ ಊರೂ ಒಂದೇ ದಡವನ್ನು ಹಂಚಿಕೊಂಡಿರುವುದರಿಂದ ಈ ನಗರಕ್ಕೆ ಸೊಗಸು ಬಂದಿದೆ. ಇದರ ಜಗಳಗಳಿಗೂ ಮೂಲ ಅದೇ.

ಹೆಸರು

‘ಮಜಟ್ಲಾನ್’ ಎಂಬುದು ನಾವಾಟ್ಲ್ ಭಾಷೆಯ ಶಬ್ದ. ಆ ಭಾಷೆಯಲ್ಲಿ ‘ಮಸಾಟ್ಲ್’ ಎಂದರೆ ಜಿಂಕೆ, ‘ಟ್ಲಾನ್’ ಎಂದರೆ ಇರುವ ಸ್ಥಳ. ಹೀಗಾಗಿ ಇದು ‘ಜಿಂಕೆಗಳ ನೆಲೆ’. ಮೆಕ್ಸಿಕೊದ ಸ್ಪ್ಯಾನಿಷ್ ಮಾತಿನಲ್ಲಿ ‘ಜ’ಕಾರವು ‘ಸ’ಕಾರದಂತೆ ಕೇಳಿಸುವುದರಿಂದ ಸ್ಥಳೀಯರು ಊರಿನ ಹೆಸರನ್ನು ‘ಮಸಟ್ಲಾನ್’ ಎಂದು, ಕೊನೆಯ ಅಕ್ಷರಕ್ಕೆ ಒತ್ತುಕೊಟ್ಟು ಹೇಳುತ್ತಾರೆ. ಊರಿನ ಬೇಸ್‌ಬಾಲ್ ತಂಡದ ಹೆಸರೂ ‘ವೆನಾಡೋಸ್’, ಅಂದರೆ ಜಿಂಕೆಗಳು.

ಭೌಗೋಳಿಕ ನೆಲೆ ಮತ್ತು ಹವಾಮಾನ

ನಗರವು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ತುಸು ದಕ್ಷಿಣದಲ್ಲಿ, ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯದ್ವೀಪದ ದಕ್ಷಿಣ ತುದಿಗೆ ಎದುರಾಗಿದೆ. ಕೋರ್ಟೆಸನ ಸಮುದ್ರವೆಂದೂ ಕರೆಯಲ್ಪಡುವ ಕ್ಯಾಲಿಫೋರ್ನಿಯಾ ಕೊಲ್ಲಿಯು ವಿಶಾಲ ಸಾಗರಕ್ಕೆ ತೆರೆದುಕೊಳ್ಳುವ ಬಾಯಿ ಇದೇ. ಕೊಲ್ಲಿಯ ನೀರೂ ಹೊರಸಾಗರದ ನೀರೂ ಕೂಡುವ ಇಂಥ ಕಡೆ ಮೀನಿಗೆ ಆಹಾರ ಹೇರಳ. ಪೂರ್ವಕ್ಕೆ ಪಶ್ಚಿಮ ಸಿಯೆರಾ ಮಾದ್ರೆ ಪರ್ವತಶ್ರೇಣಿಯು ಗೋಡೆಯಂತೆ ನಿಂತಿದೆ.

ನವೆಂಬರಿನಿಂದ ಮೇ ತಿಂಗಳವರೆಗೆ ಮಳೆ ಅಪರೂಪ, ಹವೆ ಹಿತಕರ. ಉತ್ತರ ಅಮೆರಿಕದ ಚಳಿಯನ್ನು ತಪ್ಪಿಸಿಕೊಳ್ಳಲು ನಿವೃತ್ತರು ಇಲ್ಲಿಗೆ ಬಂದು ತಿಂಗಳುಗಟ್ಟಲೆ ಉಳಿಯುವುದು ಈ ಕಾಲದಲ್ಲಿಯೇ. ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಸೆಕೆಯೂ ತೇವಾಂಶವೂ ಹೆಚ್ಚು, ಚಂಡಮಾರುತದ ಭಯವೂ ಉಂಟು. ಇಲ್ಲಿನ ಗಡಿಯಾರವು ಭಾರತದ ಗಡಿಯಾರಕ್ಕಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ.

ಇತಿಹಾಸ

ಸ್ಪ್ಯಾನಿಷ್ ದಂಡನಾಯಕ ನೂನ್ಯೊ ದೆ ಗುಸ್ಮಾನನ ಸೈನ್ಯವು ಈ ಪ್ರದೇಶಕ್ಕೆ ಬಂದ 1531ನೆಯ ಇಸವಿಯನ್ನು ನಗರದ ಹುಟ್ಟಿನ ವರ್ಷವೆಂದು ಸಾಂಪ್ರದಾಯಿಕವಾಗಿ ಎಣಿಸುತ್ತಾರೆ. ಆದರೆ ಇದು ಹೆಚ್ಚಾಗಿ ಕಾಗದದ ಮೇಲಿನ ಹುಟ್ಟು. ಮುಂದಿನ ಸುಮಾರು ಮೂರು ಶತಮಾನಗಳ ಕಾಲ ದಡದಲ್ಲಿ ಹೇಳಿಕೊಳ್ಳುವಂಥ ಊರಿರಲಿಲ್ಲ. ಆಗ ಮಜಟ್ಲಾನ್ ಎಂಬ ಹೆಸರಿದ್ದುದು ಒಳನಾಡಿನ ಒಂದು ಕಾವಲು ಠಾಣ್ಯಕ್ಕೆ. ಅದು ಇಂದಿನ ವಿಯ ಉನಿಯೋನ್ ಪಟ್ಟಣ.

1821ರಲ್ಲಿ ಮೆಕ್ಸಿಕೊ ಸ್ವತಂತ್ರವಾದ ಮೇಲೆ ಈ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆಯಿತು. ಪರ್ವತದ ಗಣಿಗಳಿಂದ ಬೆಳ್ಳಿ ಇಳಿಯತೊಡಗಿತು, ಯೂರೋಪಿನಿಂದ ಯಂತ್ರಗಳೂ ಬಟ್ಟೆಬರೆಗಳೂ ಬಂದವು. ಈ ವ್ಯಾಪಾರದಲ್ಲಿ ಜರ್ಮನ್ ವರ್ತಕರ ಪಾತ್ರ ದೊಡ್ಡದು. 1900ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ‘ಪಸಿಫಿಕೊ’ ಬಿಯರ್ ತಯಾರಿಕಾ ಘಟಕವು ಅವರ ನೆನಪಾಗಿ ಉಳಿದಿದೆ. 1849ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಚಿನ್ನವನ್ನು ಅರಸಿ ಹೊರಟ ಜನರು ಇಲ್ಲಿ ಹಡಗು ಹತ್ತಿದರು. ಬಂದರು ಬೆಳೆದಂತೆ ಅದರ ಮೇಲೆ ಕಣ್ಣು ಹಾಕುವವರೂ ಹೆಚ್ಚಿದರು: 1847–48ರಲ್ಲಿ ಅಮೆರಿಕದ ನೌಕಾಪಡೆ, 1864ರಿಂದ 1866ರವರೆಗೆ ಫ್ರೆಂಚ್ ಸೈನ್ಯ ನಗರವನ್ನು ಹಿಡಿದುಕೊಂಡಿದ್ದವು. 1859ರಿಂದ 1873ರವರೆಗೆ ಇದೇ ರಾಜ್ಯದ ರಾಜಧಾನಿಯಾಗಿತ್ತು. 1914ರಲ್ಲಿ, ಮೆಕ್ಸಿಕೊ ಕ್ರಾಂತಿಯ ಹೋರಾಟದ ನಡುವೆ, ವಿಮಾನದಿಂದ ಎಸೆದ ಬಾಂಬೊಂದು ಗುರಿಯಾಗಿದ್ದ ಗುಡ್ಡವನ್ನು ತಪ್ಪಿ ಪೇಟೆಬೀದಿಯಲ್ಲಿ ಸಿಡಿದು ನಾಗರಿಕರು ಸತ್ತರು. ಆಕಾಶದಿಂದ ಬಾಂಬು ಬಿದ್ದ ಜಗತ್ತಿನ ಮೊದಮೊದಲ ನಗರಗಳಲ್ಲಿ ಮಜಟ್ಲಾನ್ ಒಂದು.

1883ರ ಹಳದಿ ಜ್ವರ ಮತ್ತು ಆಂಖೆಲಾ ಪೆರಾಲ್ಟಾ

ಹಡಗುಗಳು ಸರಕನ್ನಷ್ಟೇ ತರುವುದಿಲ್ಲ. ಮಜಟ್ಲಾನಿನ ಜನರು ಇಂದಿಗೂ ಮರೆಯದ ಘಟನೆಯೊಂದು ಇದಕ್ಕೆ ಸಾಕ್ಷಿಯಾಗಿದೆ.

ಆಂಖೆಲಾ ಪೆರಾಲ್ಟಾ 1845ರಲ್ಲಿ ಮೆಕ್ಸಿಕೊ ನಗರದಲ್ಲಿ ಹುಟ್ಟಿದ ಗಾಯಕಿ. ಹದಿನಾರರ ಹರೆಯದಲ್ಲಿಯೇ ಇಟಲಿಯ ಮಿಲಾನ್ ನಗರದ ಪ್ರಸಿದ್ಧ ಲಾ ಸ್ಕಾಲಾ ರಂಗಮಂದಿರದಲ್ಲಿ ಹಾಡಿ ಯೂರೋಪಿನಲ್ಲಿ ಹೆಸರು ಗಳಿಸಿದ್ದಳು. ‘ಮೆಕ್ಸಿಕೊದ ನೈಟಿಂಗೇಲ್’ ಎಂಬುದು ಆಕೆಯ ಬಿರುದು. ಆಕೆ ಗೀತೆಗಳನ್ನು ರಚಿಸುತ್ತಿದ್ದಳು, ಸ್ವಂತ ಆಪೆರಾ ಮಂಡಳಿಯನ್ನೂ ನಡೆಸುತ್ತಿದ್ದಳು. ಕಂಪನಿ ನಾಟಕದ ಮಾಲೀಕರಂತೆ ಊರೂರು ತಿರುಗಿ ಆಡಬೇಕಾದ ಬದುಕು ಅದು. 1883ರ ಆಗಸ್ಟ್‌ನಲ್ಲಿ ಮಂಡಳಿಯು ಹಡಗಿನಲ್ಲಿ ಮಜಟ್ಲಾನಿಗೆ ಬಂದಿಳಿದಾಗ ಊರಿಗೆ ಊರೇ ಕಟ್ಟೆಯ ಬಳಿ ಸೇರಿತ್ತು. ಜನರು ಆಕೆಯ ಸಾರೋಟಿನ ಕುದುರೆಗಳನ್ನು ಬಿಚ್ಚಿ, ತಾವೇ ಎಳೆದುಕೊಂಡು ಹೋದರು ಎಂಬ ಮಾತಿದೆ. ಬಿಡಾರದ ಬಾಲ್ಕನಿಯಲ್ಲಿ ನಿಂತು ಆಕೆ ಕೆಳಗೆ ನೆರೆದವರಿಗಾಗಿ ಹಾಡಿದಳು.

ಅದೇ ದಿನಗಳಲ್ಲಿ ಬಂದರಿಗೆ ಹಳದಿ ಜ್ವರವೂ ಕಾಲಿಟ್ಟಿತ್ತು. ಕೆಲವೇ ದಿನಗಳಲ್ಲಿ ಮಂಡಳಿಯ ಸುಮಾರು ಎಂಬತ್ತು ಮಂದಿ ಕಲಾವಿದರಲ್ಲಿ ಬಹುತೇಕ ಎಲ್ಲರೂ ಅದಕ್ಕೆ ತುತ್ತಾದರು. ಆಗಸ್ಟ್ 30ರಂದು, ಮೂವತ್ತೆಂಟನೆಯ ವಯಸ್ಸಿನಲ್ಲಿ ಆಂಖೆಲಾ ತೀರಿಕೊಂಡಳು. ಮರಣಶಯ್ಯೆಯಲ್ಲಿಯೇ ಆಕೆಯ ವಿವಾಹವು ಮಂಡಳಿಯ ವ್ಯವಸ್ಥಾಪಕನಾಗಿದ್ದ ಹುಲಿಯಾನ್ ಮೊಂತಿಯೆಲ್‌ನೊಂದಿಗೆ ನಡೆಯಿತು. ವಧುವಿಗೆ ಮಾತು ನಿಂತುಹೋಗಿದ್ದುದರಿಂದ ಪಕ್ಕದಲ್ಲಿದ್ದವರು ಆಕೆಯ ತಲೆಯನ್ನು ಹಿಡಿದು ಒಪ್ಪಿಗೆಯ ಸೂಚನೆಯಾಗಿ ಆಡಿಸಿದರಂತೆ. ನಾಟಕವಾಗಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದರು.

ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ ಈ ಜ್ವರವನ್ನು ಹರಡುವುದು ಸೊಳ್ಳೆ ಎಂದು 1881ರಲ್ಲಿಯೇ ಮಂಡಿಸಿದ್ದನು. ಆದರೆ ಆತನ ಮಾತಿಗೆ ಬೆಲೆ ಸಿಕ್ಕಿದ್ದು 1900ರಲ್ಲಿ ಅಮೆರಿಕದ ಸೇನಾ ವೈದ್ಯರು ಪ್ರಯೋಗದಿಂದ ಅದನ್ನು ಸಾಬೀತುಪಡಿಸಿದ ಮೇಲೆ. ಹೀಗಾಗಿ 1883ರಲ್ಲಿ ಮಜಟ್ಲಾನಿನ ಜನರಿಗೆ ಶತ್ರು ಯಾರೆಂಬುದೇ ತಿಳಿದಿರಲಿಲ್ಲ. 1902ರ ಕೊನೆಯಲ್ಲಿ ಇದೇ ಬಂದರಿಗೆ ಪ್ಲೇಗ್ ಕೂಡ ಬಂದಿತು.

ಆಂಖೆಲಾ ಹಾಡಬೇಕಾಗಿದ್ದ ರೂಬಿಯೊ ರಂಗಮಂದಿರಕ್ಕೆ ಅನಂತರ ಆಕೆಯ ಹೆಸರನ್ನೇ ಇಡಲಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ಚಲನಚಿತ್ರಮಂದಿರವಾಗಿ, ಆಮೇಲೆ ಪಾಳುಬಿದ್ದು, ಛಾವಣಿಯಿಲ್ಲದ ಸಭಾಂಗಣದೊಳಗೆ ಮರವೇ ಬೆಳೆದು ನಿಂತಿತ್ತು. ನಾಗರಿಕರ ಒತ್ತಾಯದಿಂದ ಜೀರ್ಣೋದ್ಧಾರಗೊಂಡು 1992ರಲ್ಲಿ ಮತ್ತೆ ತೆರೆಯಿತು. ಈ ಒಂದು ಕಟ್ಟಡ ಎದ್ದು ನಿಂತ ಮೇಲೆ ಸುತ್ತಲಿನ ಹಳೆಯ ಮನೆಗಳಿಗೂ ಜೀವ ಬಂದಿತು. ಇಂದು ‘ಐತಿಹಾಸಿಕ ಕೇಂದ್ರ’ ಎಂದು ಪ್ರವಾಸಿಗರು ಸುತ್ತಾಡುವ ಬೀದಿಗಳು ಉಳಿದದ್ದಕ್ಕೆ ಈ ರಂಗಮಂದಿರವೇ ಮುಖ್ಯ ಕಾರಣವೆನ್ನಬಹುದು. ಗಾಯಕಿಯ ಅಸ್ಥಿಯನ್ನು 1937ರಲ್ಲಿ ಮೆಕ್ಸಿಕೊ ನಗರಕ್ಕೆ ಒಯ್ದು ಗಣ್ಯರ ಸಮಾಧಿಸ್ಥಳದಲ್ಲಿ ಇರಿಸಲಾಯಿತು.

ಮೀನುಗಾರಿಕೆ

ಮಜಟ್ಲಾನ್ ಮೆಕ್ಸಿಕೊದ ಪ್ರಮುಖ ಮೀನುಗಾರಿಕಾ ಬಂದರುಗಳಲ್ಲಿ ಒಂದು. ಟ್ಯೂನಾ ಮೀನನ್ನು ಹಿಡಿಯುವ ದೊಡ್ಡ ಹಡಗುಗಳೂ ಅದನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳೂ ಇಲ್ಲಿವೆ. ಆದರೆ ಊರಿನ ಬಾಯಲ್ಲಿ ಸದಾ ಇರುವ ಹೆಸರು ಸೀಗಡಿಯದು. ಬಂದರಿನ ಒಳಭಾಗದಲ್ಲಿರುವ ‘ಪಾರ್ಕೆ ಬೋನ್‌ಫಿಲ್’ ಎಂಬ ಮೀನುಗಾರಿಕಾ ಕೈಗಾರಿಕಾ ಪ್ರದೇಶದಲ್ಲಿ ನೂರಾರು ಟ್ರಾಲರ್ ದೋಣಿಗಳು ಒಂದಕ್ಕೊಂದು ಅಂಟಿಕೊಂಡಂತೆ ಸಾಲಾಗಿ ನಿಲ್ಲುತ್ತವೆ.

ಅವು ಯಾವಾಗ ನಿಂತಿರುತ್ತವೆ, ಯಾವಾಗ ಹೊರಡುತ್ತವೆ ಎಂಬುದು ಸೀಗಡಿಯ ಜೀವನಚಕ್ರವನ್ನು ಅವಲಂಬಿಸಿದೆ. ತಾಯಿ ಸೀಗಡಿಯು ಮೊಟ್ಟೆಯಿಡುವುದು ತೆರೆದ ಸಮುದ್ರದಲ್ಲಿ. ಮರಿಗಳು ಉಬ್ಬರದ ನೀರಿನೊಂದಿಗೆ ಅಳಿವೆಗಳಿಗೂ ಕಾಂಡ್ಲಾ ಗಿಡಗಳ ನಡುವಿನ ಹಿನ್ನೀರಿಗೂ ಸೇರಿ, ಅಲ್ಲಿ ಕೆಲವು ತಿಂಗಳು ಬೆಳೆದು, ಮತ್ತೆ ಕಡಲಿಗೆ ಮರಳುತ್ತವೆ. ಈ ಅವಧಿಯಲ್ಲಿ ಬಲೆ ಹಾಕಿದರೆ ಮುಂದಿನ ವರ್ಷಕ್ಕೆ ಏನೂ ಉಳಿಯದು. ಆದ್ದರಿಂದ ಸರ್ಕಾರವು ಸಾಮಾನ್ಯವಾಗಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಸೀಗಡಿ ಹಿಡಿಯುವುದನ್ನು ನಿಷೇಧಿಸುತ್ತದೆ. ಈ ನಿಷೇಧಕ್ಕೆ ಸ್ಪ್ಯಾನಿಷ್‌ನಲ್ಲಿ ‘ವೇದಾ’ ಎನ್ನುತ್ತಾರೆ (ನಮ್ಮ ವೇದಕ್ಕೂ ಈ ಶಬ್ದಕ್ಕೂ ಸಂಬಂಧವಿಲ್ಲ). ಸಂಶೋಧಕರು ನೀರಿನಲ್ಲಿರುವ ಸೀಗಡಿಯ ಗಾತ್ರವನ್ನು ಅಳೆದು ನೋಡಿದ ಮೇಲೆ ಪ್ರತಿವರ್ಷವೂ ದಿನಾಂಕ ನಿಗದಿಯಾಗುತ್ತದೆ. ಹಿನ್ನೀರಿನ ಮೀನುಗಾರರಿಗೆ ಮೊದಲು, ಆಳಸಮುದ್ರದ ಟ್ರಾಲರುಗಳಿಗೆ ಆಮೇಲೆ ಅನುಮತಿ ಸಿಗುವುದು ರೂಢಿ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನಗಳ ನಿಷೇಧದ ಉದ್ದೇಶವೂ ಇಂಥದೇ. ಆದರೆ ಮಜಟ್ಲಾನಿನ ವಿರಾಮ ಅದರ ಮೂರು ಪಟ್ಟಿಗೆ ಹತ್ತಿರವಾದುದು.

ಅಷ್ಟು ಉದ್ದದ ವಿರಾಮವು ಕೂಲಿಯವರ ಮನೆಗಳನ್ನು ಕಷ್ಟಕ್ಕೆ ಗುರಿಮಾಡುತ್ತದೆ. ಋತು ತೆರೆದ ಮೊದಲ ಕೆಲವು ವಾರಗಳಲ್ಲಿಯೇ ಹೇರಳವಾಗಿ ಸಿಗುವ ಸೀಗಡಿಯು ತಿಂಗಳುಗಳು ಕಳೆದಂತೆ ವಿರಳವಾಗುತ್ತದೆ. ಡೀಸೆಲ್ ವೆಚ್ಚವೂ ಗಿಟ್ಟದಂತಾದಾಗ ಎಷ್ಟೋ ದೋಣಿಗಳು ನಿಷೇಧದ ದಿನ ಬರುವ ಮೊದಲೇ ಕಟ್ಟೆಗೆ ಮರಳುತ್ತವೆ. ಹೀಗೆ ಆರಂಭದ ದುಡಿಮೆಯಲ್ಲಿಯೇ ವರ್ಷವನ್ನು ತೂಗಿಸಬೇಕು. ಹಿಂದೆ ಸೀಗಡಿ ಹಿಡಿಯುವ ಹಕ್ಕು ಮೀನುಗಾರರ ಸಹಕಾರ ಸಂಘಗಳಿಗೆ ಮೀಸಲಾಗಿತ್ತು. 1992ರ ಮೀನುಗಾರಿಕಾ ಕಾನೂನು ಅದನ್ನು ತೆಗೆದುಹಾಕಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಈಗ ಸಿನಾಲೋವಾ ಮತ್ತು ಸೊನೋರಾ ರಾಜ್ಯಗಳ ಕೃಷಿಕೊಳಗಳಲ್ಲಿ ಬೆಳೆಸಿದ ಸೀಗಡಿಯು ಕಡಲ ಸೀಗಡಿಗಿಂತ ಹೆಚ್ಚು ಪ್ರಮಾಣದಲ್ಲಿ ಮಾರುಕಟ್ಟೆಗೆ ಬರುತ್ತಿದೆ. ಸಾಕಿದ ಸೀಗಡಿಗೆ ಋತುವಿನ ಹಂಗಿಲ್ಲ, ಬೆಲೆಯನ್ನು ತಗ್ಗಿಸಲೂ ಅದು ಸಾಕು.

ನಗರದ ದಕ್ಷಿಣಕ್ಕಿರುವ ವಿಸಾಚೆ–ಕೈಮನೇರೊ ಹಿನ್ನೀರಿನಲ್ಲಿ ‘ತಾಪೊ’ ಎಂಬ ಹಳೆಯ ವಿಧಾನವು ಬಳಕೆಯಲ್ಲಿದೆ. ನೀರು ಹರಿದುಹೋಗುವ ಕಾಲುವೆಗೆ ಅಡ್ಡಲಾಗಿ ಕಾಂಡ್ಲಾ ಕೋಲುಗಳ ಬೇಲಿ ಕಟ್ಟಿ, ಕಡಲಿಗೆ ಮರಳಲು ಹೊರಟ ಸೀಗಡಿಯನ್ನು ತಡೆದು ಬೀಸುಬಲೆಯಿಂದ ಎತ್ತುತ್ತಾರೆ.

ಟ್ರಾಲರ್ ಬಲೆಗೆ ಸೀಗಡಿಯೊಂದೇ ಬೀಳುವುದಿಲ್ಲ. ತಳವನ್ನು ಗುಡಿಸಿಕೊಂಡು ಬರುವ ಬಲೆಯಲ್ಲಿ ಸೀಗಡಿಗಿಂತ ಹಲವು ಪಟ್ಟು ಬೇರೆ ಮೀನು ಇರುತ್ತದೆ, ಕೆಲವೊಮ್ಮೆ ಕಡಲಾಮೆಯೂ ಸಿಕ್ಕಿ ಉಸಿರುಗಟ್ಟಿ ಸಾಯುತ್ತದೆ. ಮಜಟ್ಲಾನಿನ ಮರಳಿನಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಕಡಲಾಮೆಯು ಹೊನ್ನಾವರದ ಕಾಸರಕೋಡ ತೀರಕ್ಕೆ ಬರುವ ಜಾತಿಯೇ. ಮೆಕ್ಸಿಕೊ 1990ರಲ್ಲಿ ಕಡಲಾಮೆಯ ಬೇಟೆಯನ್ನು ಪೂರ್ಣವಾಗಿ ನಿಷೇಧಿಸಿತು. ಬಲೆಯ ಕತ್ತಿನಲ್ಲಿ ಕಂಬಿಗಳ ಚೌಕಟ್ಟನ್ನಿಟ್ಟು ಆಮೆಗೆ ಮಾತ್ರ ಹೊರದಾರಿ ಕೊಡುವ ಸಾಧನವನ್ನು ಸೀಗಡಿ ಟ್ರಾಲರುಗಳಿಗೆ ಕಡ್ಡಾಯ ಮಾಡಿತು. ಇದರ ಹಿಂದೆ ಕರುಣೆಯಷ್ಟೇ ವ್ಯಾಪಾರವೂ ಇದೆ. 1989ರ ಕಾನೂನಿನಂತೆ, ಆಮೆಯ ರಕ್ಷಣೆಗೆ ಕ್ರಮ ಕೈಗೊಳ್ಳದ ದೇಶದ ಕಡಲ ಸೀಗಡಿಯನ್ನು ಅಮೆರಿಕ ಕೊಳ್ಳುವುದಿಲ್ಲ. 2021ರಲ್ಲಿ ಮೆಕ್ಸಿಕೊ ಈ ಮಾನ್ಯತೆಯನ್ನು ಕೆಲವು ತಿಂಗಳ ಕಾಲ ಕಳೆದುಕೊಂಡಿತ್ತು. ಇದೇ ಕಾನೂನಿನ ವಿರುದ್ಧ ಭಾರತವು ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್‌ಗಳೊಂದಿಗೆ ವಿಶ್ವ ವ್ಯಾಪಾರ ಸಂಸ್ಥೆಯ ಮೊರೆಹೋಗಿತ್ತು. 2019ರಲ್ಲಿ ಭಾರತದ ಕಡಲ ಸೀಗಡಿಗೆ ಅಮೆರಿಕದ ಬಾಗಿಲು ಮುಚ್ಚಿದ್ದೂ ಇದೇ ಕಾರಣದಿಂದ. ಮಜಟ್ಲಾನಿನ ಕಟ್ಟೆಯಲ್ಲಿ ನಡೆಯುವ ಚರ್ಚೆ ಮಲ್ಪೆಯ ಕಟ್ಟೆಗೂ ಅಪರಿಚಿತವಲ್ಲ.

ಸಣ್ಣ ಮೀನುಗಾರಿಕೆಯನ್ನು ಕಣ್ಣಾರೆ ಕಾಣಬಯಸುವವರು ಬೆಳಗಿನ ಹೊತ್ತು ‘ಪ್ಲಾಯಾ ನೋರ್ತೆ’ ತೀರಕ್ಕೆ ಹೋಗಬೇಕು. ‘ಪಾಂಗಾ’ ಎಂಬ ತೆರೆದ ನಾಡದೋಣಿಗಳು ರಾತ್ರಿಯ ಬೇಟೆ ಮುಗಿಸಿ ದಡಕ್ಕೆ ಬರುತ್ತವೆ. ಮೀನನ್ನು ಅಲ್ಲಿಯೇ ಹೆಚ್ಚಿ ಮಾರುತ್ತಾರೆ, ಬಿಸಾಡಿದ ಕರುಳಿಗಾಗಿ ಪೆಲಿಕನ್ ಹಕ್ಕಿಗಳು ಕಾದು ನಿಂತಿರುತ್ತವೆ. ಸೀಗಡಿಯ ಚಿಲ್ಲರೆ ಮಾರಾಟವು ಹಳೆಯ ಪೇಟೆಯ ಒಂದು ಬೀದಿಯಲ್ಲಿ ನಡೆಯುತ್ತದೆ. ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಮಂಜುಗಡ್ಡೆಯ ನಡುವೆ ಗಾತ್ರದ ಪ್ರಕಾರ ಸೀಗಡಿ ವಿಂಗಡಿಸಿ, ಬಣ್ಣದ ಕೊಡೆಯ ಕೆಳಗೆ ಕುಳಿತು ಮಾರುವ ಈ ಹೆಂಗಸರಿಗೆ ‘ಚಂಗೇರಾ’ಗಳೆಂದು ಹೆಸರು. ಕೊಂಡ ಸೀಗಡಿಯನ್ನು ಹತ್ತಿರದ ಉಪಾಹಾರಗೃಹಕ್ಕೆ ಒಯ್ದು ಅಡಿಗೆ ಮಾಡಿಸಿಕೊಳ್ಳುವವರೂ ಇದ್ದಾರೆ.

ಮೋಜಿಗಾಗಿ ಗಾಳ ಹಾಕುವವರ ಲೋಕವೇ ಬೇರೆ. ಮಾರ್ಲಿನ್, ಸೇಲ್‌ಫಿಶ್, ಡೊರಾಡೊ ಮೊದಲಾದ ಮೀನುಗಳು ದಡದಿಂದ 50 ನಾಟಿಕಲ್ ಮೈಲಿಯವರೆಗೆ ಕ್ರೀಡಾ ಮೀನುಗಾರಿಕೆಗೇ ಮೀಸಲೆಂದು ಮೆಕ್ಸಿಕೊದ ಕಾನೂನು ಹೇಳುತ್ತದೆ. ಬಾಡಿಗೆ ದೋಣಿಗಳು ಬಂದರಿನಲ್ಲಿ ಸಿಗುತ್ತವೆ.

ನಗರದರ್ಶನ

ಕಡಲಗುಂಟ ಸಾಗುವ ‘ಮಲೆಕೋನ್’ ಎಂಬ ನಡಿಗೆಯ ಪಥವು ಸುಮಾರು 21 ಕಿಲೋಮೀಟರ್ ಉದ್ದವಿದೆ. ಇದು ಜಗತ್ತಿನ ಅತಿ ಉದ್ದದ ಇಂಥ ಪಥಗಳಲ್ಲಿ ಒಂದು. ದಕ್ಷಿಣ ತುದಿಯಲ್ಲಿ ‘ಓಲಾಸ್ ಆಲ್ತಾಸ್’ (ಎತ್ತರದ ಅಲೆಗಳು) ಎಂಬ ಚಿಕ್ಕ ಕೊಲ್ಲಿಯಿದೆ. ಪ್ರವಾಸೋದ್ಯಮ ಮೊದಲು ಚಿಗುರಿದ್ದು ಇಲ್ಲಿಯೇ. ಹೆಸರು ಅಲಂಕಾರಕ್ಕೆ ಇಟ್ಟದ್ದಲ್ಲ; ಈಜಲು ಇಳಿಯುವವರು ತೀರದ ಎಚ್ಚರಿಕೆಯ ಬಾವುಟದ ಬಣ್ಣವನ್ನು ಗಮನಿಸಬೇಕು. ಉತ್ತರಕ್ಕೆ ಹೋದಂತೆ, ಬಂಡೆಯ ಮೇಲಿನ ಕಟ್ಟೆಯಿಂದ ಕಿರಿದಾದ ನೀರಿಗೆ ಹಾರುವ ಯುವಕರು ಕಾಣುತ್ತಾರೆ. ನೀರಿನ ಆಳ ಕಡಿಮೆಯಾದ್ದರಿಂದ ಅಲೆ ತುಂಬಿ ಬರುವ ಕ್ಷಣವನ್ನೇ ಕಾದು ಜಿಗಿಯಬೇಕು. ಪ್ರೇಕ್ಷಕರು ಕೊಡುವ ಕಾಣಿಕೆಯೇ ಅವರ ಸಂಪಾದನೆ. ಇನ್ನೂ ಮುಂದೆ ಮೀನುಗಾರನ ಸ್ಮಾರಕ. ಆಮೇಲೆ ‘ಸೋನಾ ದೊರಾದಾ’ ಅಥವಾ ಸುವರ್ಣ ವಲಯವೆಂಬ ಹೋಟೆಲು ಪ್ರದೇಶ.

ಬಂದರಿನ ಬಾಯಲ್ಲಿರುವ ಕ್ರೆಸ್ತೋನ್ ಗುಡ್ಡದ ಮೇಲೆ, ಸಮುದ್ರಮಟ್ಟದಿಂದ ಸುಮಾರು 157 ಮೀಟರ್ ಎತ್ತರದಲ್ಲಿ ದೀಪಸ್ತಂಭವಿದೆ. ಕಟ್ಟಡ ಚಿಕ್ಕದು, ಎತ್ತರವೆಲ್ಲ ಗುಡ್ಡದ್ದು. ಜಗತ್ತಿನ ಎರಡನೆಯ ಎತ್ತರದ ದೀಪಸ್ತಂಭವೆಂದು ಮಾರ್ಗದರ್ಶಿಗಳು ಹೇಳುವಾಗ ಈ ವ್ಯತ್ಯಾಸವನ್ನು ನೆನಪಿಡುವುದು ಒಳ್ಳೆಯದು. ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕಾದ್ದರಿಂದ ಬಿಸಿಲೇರುವ ಮೊದಲೇ ಹೊರಡುವುದು ಲೇಸು. ಮೇಲಿನಿಂದ ಒಂದು ಬದಿಗೆ ಬಂದರು, ಇನ್ನೊಂದು ಬದಿಗೆ ಹೋಟೆಲುಗಳ ಸಾಲು ಒಟ್ಟಿಗೇ ಕಾಣುತ್ತವೆ.

ಹಳೆಯ ಊರಿನಲ್ಲಿ ಮಚಾದೊ ಚೌಕ, ಹಳದಿ ಬಣ್ಣದ ಎರಡು ಗೋಪುರಗಳಿರುವ ಕೆಥೆಡ್ರಲ್, ಕಬ್ಬಿಣದ ಕಂಬಗಳ ಮೇಲೆ ನಿಂತ ಪೀನೊ ಸುವಾರೆಸ್ ಮಾರುಕಟ್ಟೆ ನೋಡತಕ್ಕವು. 2023ರಲ್ಲಿ ತೆರೆದ ಹೊಸ ಮತ್ಸ್ಯಾಗಾರವು ಕ್ಯಾಲಿಫೋರ್ನಿಯಾ ಕೊಲ್ಲಿಯ ಜೀವಿಗಳಿಗೆ ಮೀಸಲಾದುದು. ‘ಇಸ್ಲಾ ದೆ ಲಾ ಪಿಯೆದ್ರಾ’ ಎಂದರೆ ಕಲ್ಲಿನ ದ್ವೀಪ. ಹೆಸರಿಗೆ ದ್ವೀಪವಾದರೂ ಅದು ಪರ್ಯಾಯದ್ವೀಪ. ಬಂದರಿನ ಕಾಲುವೆಯನ್ನು ಚಿಕ್ಕ ದೋಣಿಯಲ್ಲಿ ದಾಟಿದರೆ ತೆಂಗಿನ ತೋಟಗಳ ಅಂಚಿನ ಶಾಂತವಾದ ತೀರ ಸಿಗುತ್ತದೆ. ಅಲೆಯ ಅಬ್ಬರ ಅಲ್ಲಿ ಕಡಿಮೆ.

ಊರೊಳಗೆ ತಿರುಗಲು ‘ಪುಲ್ಮೊನಿಯಾ’ ಎಂಬ ನಾಲ್ಕು ಚಕ್ರದ, ಪಕ್ಕಗಳು ತೆರೆದ ಬಾಡಿಗೆ ವಾಹನಗಳಿವೆ. ಈ ಶಬ್ದಕ್ಕೆ ನ್ಯುಮೋನಿಯಾ ಎಂದೇ ಅರ್ಥ. 1960ರ ದಶಕದಲ್ಲಿ ಇವು ಬಂದಾಗ, ಗಾಳಿಗೆ ಮೈಯೊಡ್ಡಿ ಕೂತರೆ ಕಫವೇರುವುದು ಖಂಡಿತ ಎಂದು ಪೈಪೋಟಿಯ ಟ್ಯಾಕ್ಸಿಯವರು ಹಬ್ಬಿಸಿದ ಹೆಸರು ಕೊನೆಗೆ ಜಾಹೀರಾತಾಗಿ ಪರಿಣಮಿಸಿತು ಎನ್ನುತ್ತಾರೆ. ಮೀಟರ್ ಇರುವುದಿಲ್ಲ, ಏರುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಬೇಕು.

ಆಹಾರ

‘ಅಗ್ವಾಚಿಲೆ’ ಈ ಭಾಗದ ವಿಶೇಷ ತಿನಿಸು. ಹಸಿ ಸೀಗಡಿಗೆ ನಿಂಬೆರಸ ಹಿಂಡಿ, ಅರೆದ ಮೆಣಸು, ಈರುಳ್ಳಿ, ಸೌತೆಕಾಯಿ ಸೇರಿಸಿ ತಕ್ಷಣ ಬಡಿಸುತ್ತಾರೆ. ಹೆಸರಿನ ಅರ್ಥ ಮೆಣಸಿನ ನೀರು. ಮೆಣಸಿನಕಾಯಿಯ ತವರೇ ಮೆಕ್ಸಿಕೊ. ಪೋರ್ಚುಗೀಸರ ಮೂಲಕ ಅದು ಭಾರತಕ್ಕೆ ಬರುವ ಮೊದಲು ಕನ್ನಡ ನಾಡಿನ ಅಡಿಗೆಗೆ ಖಾರ ಕೊಡುತ್ತಿದ್ದುದು ಕಾಳುಮೆಣಸು. ಬೆಂಕಿಯ ಶಾಖ ತಾಗದ ಈ ತಿನಿಸನ್ನು ಹೊಸಬರು ಜನಸಂದಣಿಯಿರುವ ಅಂಗಡಿಯಲ್ಲಿ, ಹಗಲು ಹೊತ್ತಿನಲ್ಲಿ ತಿನ್ನುವುದು ಕ್ಷೇಮ. ಒಣಸೀಗಡಿಯ ಸಾರು, ಕೆಂಡದ ಮೇಲೆ ಸುಟ್ಟ ಮೀನು, ಹೊಗೆಯಲ್ಲಿ ಬೇಯಿಸಿದ ಮಾರ್ಲಿನ್ ಇತರ ಬಗೆಗಳು. ಸಸ್ಯಾಹಾರಿಗಳು ಬೇಯಿಸಿದ ಹುರುಳಿಯಂಥ ಕಾಳಿನ ಪಲ್ಯವನ್ನು ನಿಶ್ಚಿಂತೆಯಿಂದ ಆರಿಸಿಕೊಳ್ಳುವಂತಿಲ್ಲ. ಅದಕ್ಕೆ ಹಂದಿಯ ಕೊಬ್ಬು ಬೆರೆಸುವ ರೂಢಿಯಿರುವುದರಿಂದ ಕೇಳಿ ತಿಳಿಯಬೇಕು.

ಕಾರ್ನಿವಲ್, ಸಂಗೀತ ಮತ್ತು ತೀರದ ಹಕ್ಕು

ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ, ಕ್ರೈಸ್ತರ ಉಪವಾಸದ ಅವಧಿಗೆ ಮುಂಚಿನ ದಿನಗಳಲ್ಲಿ ನಡೆಯುವ ಕಾರ್ನಿವಲ್ ಊರಿನ ದೊಡ್ಡ ಹಬ್ಬ. ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಕೇರಿಗಳ ಜನ ಪರಸ್ಪರ ಹಿಟ್ಟು ಎರಚಾಡಿ, ಆಟವು ಹೊಡೆದಾಟಕ್ಕೆ ತಿರುಗುತ್ತಿತ್ತು. ಅದನ್ನು ತಪ್ಪಿಸಲು 1898ರಲ್ಲಿ ಸಮಿತಿಯೊಂದು ಹಬ್ಬವನ್ನು ಮೆರವಣಿಗೆಯ ರೂಪಕ್ಕೆ ತಂದಿತು. ಜನರ ಸಿಟ್ಟಿಗೆ ಕಾರಣವಾದವರ ಬೊಂಬೆಯನ್ನು ‘ಕೆಟ್ಟ ಮನಸ್ಥಿತಿ’ಯೆಂದು ಸುಡುವುದು, ಫ್ರೆಂಚರೊಡನೆ ನಡೆದ ಕಾಳಗವನ್ನು ನೆನೆದು ಕಡಲ ಮೇಲೆ ಬಾಣಬಿರುಸು ಹಾರಿಸುವುದು ಇದರ ಭಾಗಗಳು. ಹಬ್ಬದೊಂದಿಗೆ ಸಾಹಿತ್ಯ ಗೌರವವೂ ಸೇರಿಕೊಂಡಿರುವುದು ವಿಶೇಷ. 1965ರಲ್ಲಿ ಕವಿ ಹೋಸೆ ಗೊರೊಸ್ತೀಸಾಗೆ ಮೊದಲು ಸಂದ ಮಜಟ್ಲಾನ್ ಸಾಹಿತ್ಯ ಪ್ರಶಸ್ತಿಯನ್ನು ಮುಂದೆ ಎಲೆನಾ ಪೊನಿಯತೊವ್ಸ್ಕಾ, ಒಕ್ತಾವಿಯೊ ಪಾಸ್ ಮೊದಲಾದವರು ಪಡೆದರು. ಪಾಸ್ ಭಾರತದಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದ ಕವಿ.

ತುತ್ತೂರಿ, ಕ್ಲಾರಿನೆಟ್, ಟ್ಯೂಬಾ, ದೊಡ್ಡ ಡೋಲುಗಳಿಂದ ಕೂಡಿದ ‘ಬಾಂದಾ’ ವಾದ್ಯಗೋಷ್ಠಿಯು ಸಿನಾಲೋವಾದ ಹೆಮ್ಮೆ. ಈ ಪ್ರಕಾರದ ಅತ್ಯಂತ ಪ್ರಸಿದ್ಧ ತಂಡವಾದ ಬಾಂದಾ ಎಲ್ ರೆಕೊದೊ 1938ರಲ್ಲಿ ಹುಟ್ಟಿದ್ದು ಮಜಟ್ಲಾನ್ ಸಮೀಪದ ಹಳ್ಳಿಯಲ್ಲಿ. ತೀರದಲ್ಲಿ ಕುಳಿತವರ ಬಳಿಗೆ ಹತ್ತಾರು ಮಂದಿಯ ತಂಡಗಳು ಬಂದು, ಹಾಡಿಗಿಷ್ಟು ಎಂದು ಗೊತ್ತುಮಾಡಿಕೊಂಡು ನುಡಿಸುತ್ತವೆ. ಸದ್ದು ಮೆಲುವಾದುದಲ್ಲ. ಒಂದೇ ತೀರದಲ್ಲಿ ಮೂರ್ನಾಲ್ಕು ತಂಡಗಳು ಏಕಕಾಲಕ್ಕೆ ನುಡಿಸಿದರೆ ಯಾವ ಹಾಡೆಂಬುದೇ ತಿಳಿಯದು.

2024ರ ಮಾರ್ಚ್ ಕೊನೆಯಲ್ಲಿ, ಈಸ್ಟರ್ ರಜೆಯ ವಾರದಲ್ಲಿ, ಇದು ಜಗಳಕ್ಕೆ ಕಾರಣವಾಯಿತು. ವಿದೇಶಿ ಅತಿಥಿಗಳಿಗೆ ನಿದ್ರೆಯಿಲ್ಲವೆಂದು ಹೋಟೆಲು ಮಾಲೀಕರು ದೂರಿ, ತೀರದ ವಾದ್ಯಗಳಿಗೆ ಕಡಿವಾಣ ಹಾಕಬೇಕೆಂದರು. ಸಂಗೀತಗಾರರು ವಾದ್ಯಗಳನ್ನು ನುಡಿಸುತ್ತಲೇ ಮೆರವಣಿಗೆ ಹೊರಟರು, ಪೊಲೀಸರೊಂದಿಗೆ ಘರ್ಷಣೆಯೂ ಆಯಿತು. ಮೆಕ್ಸಿಕೊದ ಕಾನೂನಿನಲ್ಲಿ ಕಡಲತೀರವು ರಾಷ್ಟ್ರದ ಸೊತ್ತು. ಯಾವ ಹೋಟೆಲೂ ತನ್ನ ಮುಂದಿನ ಮರಳನ್ನು ತನ್ನದೆನ್ನುವಂತಿಲ್ಲ, ಸಾರ್ವಜನಿಕರ ದಾರಿಯನ್ನು ತಡೆದರೆ ದಂಡ ತೆರಬೇಕು. ಸಂಗೀತಗಾರರ ಪರವಾಗಿ ದೇಶದಾದ್ಯಂತ ಎದ್ದ ದನಿಯ ಹಿಂದೆ ಈ ತಿಳಿವಳಿಕೆಯಿತ್ತು. ನಿದ್ರೆಯ ದೂರು ಸುಳ್ಳಲ್ಲ. ಆದರೆ ಅಲ್ಲಿ ನುಡಿಸುತ್ತಿದ್ದವರಿಗೆ ಅದು ಹೊಟ್ಟೆಪಾಡು, ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಹೊರದೇಶದವರಲ್ಲ. ದುರಾಂಗೊ, ಮೊಂತೆರೈ ಮೊದಲಾದ ಒಳನಾಡಿನ ಊರುಗಳಿಂದ ರಜೆಗೆ ಬಂದ ಮೆಕ್ಸಿಕೊದ ಕುಟುಂಬಗಳವರು.

ಅದೇ ವರ್ಷ ಏಪ್ರಿಲ್ 8ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಉತ್ತರ ಅಮೆರಿಕದ ನೆಲವನ್ನು ಮೊದಲು ಮುಟ್ಟಿದ್ದು ಮಜಟ್ಲಾನಿನ ಬಳಿ. ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ನಡುಹಗಲಿಗೆ ಮುನ್ನವೇ ಕತ್ತಲಾಯಿತು.

ಸುರಕ್ಷತೆ

ಸಿನಾಲೋವಾ ರಾಜ್ಯದ ಹೆಸರನ್ನು ಹೊತ್ತ ಮಾದಕವಸ್ತು ಜಾಲವು ಜಗತ್ಪ್ರಸಿದ್ಧ. ಅದರ ನಾಯಕ ಹೋಕಿನ್ ಗುಸ್ಮಾನನನ್ನು 2014ರ ಫೆಬ್ರವರಿಯಲ್ಲಿ ಸೆರೆಹಿಡಿದದ್ದು ಮಜಟ್ಲಾನಿನ ಕಡಲಗುಂಟದ ವಸತಿ ಕಟ್ಟಡವೊಂದರಲ್ಲಿ. ಹಿಂಸೆಯ ಕಾರಣದಿಂದ 2011ರಲ್ಲಿ ಪ್ರವಾಸಿ ಹಡಗುಗಳು ಇಲ್ಲಿಗೆ ಬರುವುದನ್ನು ನಿಲ್ಲಿಸಿ, ಸುಮಾರು ಎರಡು ವರ್ಷಗಳ ಅನಂತರ ಮರಳಿದವು. 2024ರ ಸೆಪ್ಟೆಂಬರ್‌ನಲ್ಲಿ ಜಾಲದ ಎರಡು ಬಣಗಳ ನಡುವೆ ಕಾದಾಟ ಆರಂಭವಾಗಿ ಕುಲಿಯಾಕಾನ್ ಹೆಚ್ಚು ನರಳಿತು, ಮಜಟ್ಲಾನಿಗೂ ಅದರ ಬಿಸಿ ತಟ್ಟಿತು. ಅಮೆರಿಕ ಸರ್ಕಾರವು ತನ್ನ ಪ್ರಜೆಗಳಿಗೆ ಸಿನಾಲೋವಾಕ್ಕೆ ಹೋಗದಿರುವಂತೆ ಸಲಹೆ ನೀಡುತ್ತ ಬಂದಿದೆ. ಪ್ರವಾಸ ಹೊರಡುವವರು ಆಯಾ ಸಮಯದ ಸರ್ಕಾರಿ ಸೂಚನೆಗಳನ್ನು ಓದಿಕೊಳ್ಳಬೇಕು, ರಾತ್ರಿಯ ಹೆದ್ದಾರಿ ಪ್ರಯಾಣವನ್ನು ಬಿಡಬೇಕು. ಅಪಾಯ ಪ್ರವಾಸಿಗೆ ಕೆಲವು ದಿನಗಳದು, ಊರಿನವರಿಗೆ ನಿತ್ಯದ್ದು ಎಂಬುದನ್ನೂ ಮರೆಯುವಂತಿಲ್ಲ.

ಸಾರಿಗೆ ಮತ್ತು ಸುತ್ತಮುತ್ತ

ನಗರದ ದಕ್ಷಿಣಕ್ಕೆ ಅಂತರರಾಷ್ಟ್ರೀಯ ವಿಮಾನನಿಲ್ದಾಣವಿದೆ. ಕೊಲ್ಲಿಯಾಚೆಯ ಲಾ ಪಾಸ್ ನಗರಕ್ಕೆ, ವಾಹನಗಳನ್ನೂ ಒಯ್ಯುವ ಹಡಗು ರಾತ್ರಿಯಿಡೀ ಸಾಗಿ ತಲುಪುತ್ತದೆ. ಪರ್ವತದಾಚೆಯ ದುರಾಂಗೊ ನಗರಕ್ಕೆ ಹಿಂದೆ ‘ಸೈತ್ತಾನನ ಬೆನ್ನುಮೂಳೆ’ ಎಂಬ ಭಾಗವನ್ನೊಳಗೊಂಡ ಅಂಕುಡೊಂಕು ರಸ್ತೆಯಲ್ಲಿ ಆರು ಗಂಟೆ ಹಿಡಿಯುತ್ತಿತ್ತು. 2013ರಲ್ಲಿ ತೆರೆದ ಹೊಸ ಹೆದ್ದಾರಿಯು ಅರವತ್ತಕ್ಕೂ ಹೆಚ್ಚು ಸುರಂಗಗಳ ಮೂಲಕ ಅದನ್ನು ಮೂರು ಗಂಟೆಯ ಆಸುಪಾಸಿಗೆ ಇಳಿಸಿದೆ. ಇದರಲ್ಲಿನ ಬಲುವಾರ್ತೆ ಸೇತುವೆಯು ಕಣಿವೆಯ ತಳದಿಂದ ಸುಮಾರು 400 ಮೀಟರ್ ಮೇಲಿದೆ, ಉದ್ದ 1,124 ಮೀಟರ್. ಒಳನಾಡಿನ ಜನರಿಗೆ ಕಡಲು ಹತ್ತಿರವಾದದ್ದು, ವಾರಾಂತ್ಯದಲ್ಲಿ ತೀರ ತುಂಬತೊಡಗಿದ್ದು ಈ ರಸ್ತೆಯಿಂದ.

ಕೊಂಕೋರ್ದಿಯಾ, ಕೊಪಾಲಾ, ಎಲ್ ರೊಸಾರಿಯೊ ಎಂಬ ಹಳೆಯ ಗಣಿ ಊರುಗಳು ಒಂದು ದಿನದ ಪ್ರವಾಸಕ್ಕೆ ತಕ್ಕವು. ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿ ‘ಲಾಸ್ ಲಬ್ರಾದಾಸ್’ ಎಂಬ ತೀರವಿದೆ. ಅಲ್ಲಿ ಅಲೆಗಳು ಬಡಿಯುವ ಕಪ್ಪು ಜ್ವಾಲಾಮುಖಿ ಬಂಡೆಗಳ ಮೇಲೆ ಸುರುಳಿ, ಸೂರ್ಯ, ಮನುಷ್ಯರೂಪಗಳ ಆರುನೂರಕ್ಕೂ ಹೆಚ್ಚು ಕೆತ್ತನೆಗಳಿವೆ. ಅವನ್ನು ಸ್ಪ್ಯಾನಿಷರು ಬರುವುದಕ್ಕೆ ಬಹಳ ಹಿಂದೆಯೇ ಕೆತ್ತಲಾಗಿತ್ತು. ಮರಳು ಸರಿದಾಡುವುದರಿಂದ ಕೆಲವು ಕೆತ್ತನೆಗಳು ಒಂದು ಋತುವಿನಲ್ಲಿ ಕಂಡು ಇನ್ನೊಂದರಲ್ಲಿ ಮುಚ್ಚಿಹೋಗುತ್ತವೆ.